ಅರ್ಧ ನಿಮಿಷ ತಡವಾಗಿ ಬಂದ ನಗು

"ಏನ್ರೀ, ನನ್ನನ್ನ ಅಣಕಿಸೋದೇ ನಿಮ್ಮ ಕೆಲಸಾನಾ?"

ಬಾಗಿಲು ತೆರೆದವನು ಕಣ್ಣು ಕಣ್ಣು ಬಿಟ್ಟ. ಅರ್ಧ ಮುಖಕ್ಕೆ ಶೇವಿಂಗ್ ನೊರೆ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಮೊಬೈಲ್. ಎದುರಿಗೆ ಪಕ್ಕದ ಮನೆಯ ಟೈಲರ್ ಹುಡುಗಿ! ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕತ್ತರಿ, ಮೂಗಿನ ತುದಿಯಲ್ಲಿ ಸಿಟ್ಟು.

"ನಾನಾ? ನಾನ್ಯಾವಾಗ ಅಣಕಿಸಿದೆ?"

"ದಿನಾ ಮಧ್ಯಾಹ್ನ! ನಾನು ನಕ್ಕು ಅರ್ಧ ನಿಮಿಷಕ್ಕೆ ಸರಿಯಾಗಿ ಗೋಡೆಯಾಚೆಯಿಂದ ನೀವೂ ಹಾ ಹಾ ಅಂತೀರಿ. ನನ್ನ ನಗು ಅಷ್ಟು ತಮಾಷೆಯಾಗಿದೆಯಾ?"

ಅವಳ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. ಅವಳ ನಗು ಜೋರು. ಚಿಕ್ಕಂದಿನಿಂದ "ಹೆಣ್ಣುಮಗಳು ಹೀಗಾ ನಗೋದು?" ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಹೊರಗೆಲ್ಲೂ ಬಾಯಿ ತೆರೆದು ನಗುತ್ತಿರಲಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು, ರೇಡಿಯೋದಲ್ಲಿ ಮಧ್ಯಾಹ್ನದ ಹರಟೆ ಕೇಳುವಾಗ ಮಾತ್ರ ಹೊಟ್ಟೆ ತುಂಬ ನಗುತ್ತಿದ್ದಳು. ಈಗ ಅದಕ್ಕೂ ಕಲ್ಲು ಹಾಕುವವನೊಬ್ಬ ಬಂದನಲ್ಲ!

ಮನೆಯಲ್ಲಿದ್ದ ಅಜ್ಜಿಯ ಹತ್ತಿರ ದೂರುವಾಗ ಅವನಿಗೆ 'ಪ್ರತಿಧ್ವನಿ' ಎಂದು ಹೆಸರೂ ಇಟ್ಟಾಗಿತ್ತು.

"ನೋಡಿ ಮೇಡಂ..." ಎಂದು ಅವನು ಶುರು ಮಾಡುವಷ್ಟರಲ್ಲಿ, ತೆರೆದಿದ್ದ ಅವಳ ಮನೆಯಿಂದ ರೇಡಿಯೋ ಮಾತು ತೇಲಿಬಂತು. ಹರಟೆ ಹೇಳುವ ಯಜಮಾನರು ಟವೆಲ್ ಸುತ್ತಿಕೊಂಡು ಪೇಪರ್ ತರಲು ಹೊರಗೆ ಬಂದಿದ್ದರಂತೆ, ಹಿಂದಿನಿಂದ ಬಾಗಿಲು ಹಾಕಿಕೊಂಡಿತಂತೆ, ಆಗಲೇ ಬೀಗರ ಕಾರು ಬಂತಂತೆ...

ಸಿಟ್ಟಿನಲ್ಲಿದ್ದವಳು ಫಕ್ಕನೆ ನಕ್ಕುಬಿಟ್ಟಳು!

ಅವನು ನಗಲಿಲ್ಲ. ಸುಮ್ಮನೆ ಅವಳ ಮುಖವನ್ನೇ ನೋಡುತ್ತ ನಿಂತ. 'ಇವನಿಗೇನು ಕಿವಿ ಕೇಳಿಸಲ್ವಾ?' ಎಂದುಕೊಳ್ಳುವ ಹೊತ್ತಿಗೆ ಅವನ ಕೈಯಲ್ಲಿದ್ದ ಮೊಬೈಲ್ ಮೆಲ್ಲಗೆ ಅದೇ ಟವೆಲ್, ಅದೇ ಬಾಗಿಲು, ಅದೇ ಬೀಗರ ಕಥೆ ಹೇಳಿತು. ಅವನು ಹೋ ಎಂದು ನಕ್ಕ. ನೊರೆ ಹಾರಿ ಅವಳ ಕತ್ತರಿಯ ಮೇಲೆ ಬಿತ್ತು.

"ಅಯ್ಯೋ... ನೀವೂ ಇದನ್ನೇ ಕೇಳ್ತೀರಾ? ಮತ್ತೆ ನಿಮ್ಮದು ಯಾಕಿಷ್ಟು ನಿಧಾನ?"

"ಇದು ನೆಟ್‌ನಲ್ಲಿ ಬರೋ ರೇಡಿಯೋ. ಸುತ್ತಿ ಬಳಸಿ ಬರುತ್ತೆ. ನಿಮ್ಮದು?"

"ಡಿಜಿಟಲ್ ರೇಡಿಯೋ ಸೆಟ್ಟು. ಗಾಳಿಯಲ್ಲೇ ಬಂದುಬಿಡುತ್ತೆ."

ಅವಳು ನಾಲಿಗೆ ಕಚ್ಚಿಕೊಂಡಳು. ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮನೆಗೆ ಓಡಿದಳು.

ಅವನು ಲಾರಿ ಚಾಲಕ. ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದ. ಆ ದಿನದ ನಂತರ ಅವನ ಅಂಗಿಗಳಿಗೆ ಏನಾಯಿತೋ, ವಾರವಾರ ಗುಂಡಿ ಉದುರತೊಡಗಿದವು.

"ಈ ಹುಡುಗನ ಗುಂಡಿಗಳಿಗೆ ಕಾಲು ಬಂದಿವೆ ಕಣೇ," ಎಂದು ಅಜ್ಜಿ ಕಣ್ಣು ಮಿಟುಕಿಸಿದರೆ ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು.

ಮಧ್ಯಾಹ್ನ ಅವಳು ನಗುವಳು. ಕಾಯುವಳು. ಗೋಡೆಯಾಚೆ ಅವನು ನಗುವನು. ಅಷ್ಟಕ್ಕೇ ಅವಳ ದಿನ ತುಂಬಿಹೋಗುತ್ತಿತ್ತು.

ಆದರೆ ಅವನ ಕಷ್ಟವೂ ಅವಳಿಗೆ ಕಾಣುತ್ತಿತ್ತು. ಒಳ್ಳೆಯ ಮಾತು ಬರುವಾಗಲೇ ನೆಟ್ ನಿಂತುಹೋಗುತ್ತಿತ್ತು. ಸಂಜೆಗೆ ಮೊಬೈಲ್ ಚಾರ್ಜ್ ಮುಗಿದು, ಕಂಪನಿಯವರ ಕರೆ ತಪ್ಪಿ ಬೈಸಿಕೊಂಡಿದ್ದ. 'ಇವನಿಗೂ ಒಂದು ಡಿಜಿಟಲ್ ಸೆಟ್ಟಿದ್ರೆ... ಇಬ್ಬರೂ ಒಟ್ಟಿಗೇ ನಗಬಹುದಲ್ವಾ?' ಯೋಚನೆ ಬಂದದ್ದೇ ಅವಳ ಕೆನ್ನೆ ಬಿಸಿಯಾಯಿತು.

ಅಂಗಡಿಗೆ ಹೋಗಿ ತನ್ನದರಂಥದೇ ಸೆಟ್ಟು ತಂದು ಅವನ ಮುಂದೆ ಹಿಡಿದಳು.

"ನೆಟ್ ಬೇಡ, ಮೊಬೈಲ್ ಚಾರ್ಜೂ ಖರ್ಚಾಗಲ್ಲ. ಒತ್ತಿದ್ರೆ ಆಯ್ತು, ಮಾತಾಡುತ್ತೆ."

ಅವನು ಪೆಟ್ಟಿಗೆಯನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಮೆಲ್ಲಗೆ ಪೆಟ್ಟಿಗೆಯನ್ನು ಅವಳ ಕಡೆಗೇ ಸರಿಸಿದ.

"ಬೇಡ ಮೇಡಂ. ನನಗೆ ಮೊಬೈಲೇ ಸಾಕು."

"ಯಾಕೆ?"

"ಅದು... ಹೇಳೋಕೆ ಬರಲ್ಲ."

ಅವಳು ಪೆಟ್ಟಿಗೆ ಎತ್ತಿಕೊಂಡು ಮನೆಗೆ ನಡೆದಳು. 'ನನ್ನ ಜೊತೆ ನಗೋದೂ ಬೇಡ ಇವನಿಗೆ! ಎಲ್ಲೋ ದೂರದಿಂದ, ತಡವಾಗಿ, ಮುಲಾಜಿಗೆ ನಕ್ಕರೆ ಸಾಕು. ನಾನೇ ಏನೇನೋ ಅಂದುಕೊಂಡೆ...'

ಮರುದಿನದಿಂದ ಹರಟೆಯ ಹೊತ್ತಿಗೆ ಅವಳು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೂತಳು. ನಗು ಬಂದರೂ ನುಂಗಿದಳು. ಅವಳ ಮನೆಯಿಂದ ನಗುವಿಲ್ಲ, ಸ್ವಲ್ಪ ದಿನಕ್ಕೆ ಆಚೆಯಿಂದಲೂ ಇಲ್ಲ.

ಒಂದು ದಿನ ಅವನೇ ಬಂದ. ಕೈಯಲ್ಲಿ ಗುಂಡಿ ಉದುರಿದ ಅಂಗಿ ಇರಲಿಲ್ಲ.

"ದೂರದ ಮಾರ್ಗಕ್ಕೆ ಖಾಯಂ ಚಾಲಕರು ಬೇಕಂತೆ. ಹೊಸ ಲಾರಿ, ಅದರಲ್ಲಿ ಸ್ಯಾಟಲೈಟ್ ರೇಡಿಯೋನೂ ಇದೆಯಂತೆ. ಒಪ್ಪಿದ್ರೆ ವಾಸ ಆ ಕಡೆಯೇ. ಒಂದು ಸುತ್ತು ಹೋಗಿಬಂದು ಉತ್ತರ ಹೇಳು ಅಂದಿದಾರೆ..." ಅವನು ತಡೆದ. "ಹೋಗ್ಲಾ?"

'ಹೋಗಬೇಡ ಅನ್ನು... ಅಂದುಬಿಡು!' ಒಳಗೆ ಮನಸ್ಸು ಕೂಗುತ್ತಿತ್ತು.

"ನನ್ನನ್ನ ಯಾಕೆ ಕೇಳ್ತೀರಿ? ಹೋಗಿ," ಎಂದಿತು ಹಾಳು ಬಾಯಿ.

ಅವನು ಹೋದ. ಗೋಡೆ ಬರೀ ಗೋಡೆಯಾಯಿತು. ಅದೇ ಹರಟೆ, ಅದೇ ಯಜಮಾನರು, ಆದರೆ ಈಗ ನುಂಗುವುದಕ್ಕೂ ಅವಳಿಗೆ ನಗು ಬರುತ್ತಿರಲಿಲ್ಲ.

"ಯಾಕೇ ಈಗೀಗ ನಗ್ತಾನೇ ಇಲ್ಲ? ನನಗೆ ಹೊತ್ತೇ ಹೋಗಲ್ಲ," ಎಂದು ಅಜ್ಜಿ ಗೊಣಗಿದರು.

"ರೇಡಿಯೋ ಹಾಕಿದೀನಲ್ಲ ಅಜ್ಜಿ?"

"ನನ್ನ ಕಿವಿಗೆ ಅದೆಲ್ಲಿ ಕೇಳಿಸಬೇಕು! ನೀನು ನಕ್ಕರೆ ಏನೋ ಒಳ್ಳೇ ಮಾತು ಬಂತು ಅಂತ ನಾನೂ ನಗ್ತಿದ್ದೆ. ನಾನು ಕೇಳ್ತಿದ್ದದ್ದು ರೇಡಿಯೋನಲ್ಲ ಕಣೇ, ನಿನ್ನನ್ನ."

ಯಂತ್ರ ತುಳಿಯುತ್ತಿದ್ದ ಕಾಲು ಗಕ್ಕನೆ ನಿಂತಿತು.

'ನಾನು ನಗ್ತೀನಿ... ಆಮೇಲೆ ಅವನು... ಹಾಗಾದ್ರೆ ಅವನೂ?'

ಅವನಿಗೆ ಕರೆ ಮಾಡಿದಳು. ಅವನು ಲಾರಿಯನ್ನು ರಸ್ತೆ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ.

"ಆ ಸೆಟ್ಟು ಯಾಕೆ ವಾಪಸ್ ಕೊಟ್ರಿ? ನಿಜ ಹೇಳಿ."

ಆಚೆ ಅವನು ರೇಡಿಯೋ ಆರಿಸಿದ.

"ಅದಿದ್ರೆ ಇಬ್ಬರೂ ಒಟ್ಟಿಗೆ ನಗ್ತಿದ್ವಿ. ನನ್ನ ಗದ್ದಲದಲ್ಲಿ ನಿಮ್ಮ ನಗು ನನಗೆ ಕೇಳಿಸ್ತಾನೇ ಇರ್ಲಿಲ್ಲ. ಮೊಬೈಲಲ್ಲಾದ್ರೆ ಮೊದಲು ನಿಮ್ಮ ನಗು ಬರುತ್ತೆ... ಅಷ್ಟು ನಗಿಸೋ ಮಾತು ಏನಿರಬಹುದು ಅಂತ ನಾನು ಕಾಯ್ತೀನಿ. ಆ ಅರ್ಧ ನಿಮಿಷಕ್ಕೋಸ್ಕರಾನೇ ನಾನು ಬೇಗ ಮನೆಗೆ ಬರ್ತಿದ್ದದ್ದು."

ಅವಳ ಕಣ್ಣು ತುಂಬಿ ಬಂತು. ಇಡೀ ಜಗತ್ತು ಸಾಕು ಮಾಡು ಎಂದಿದ್ದ ನಗುವನ್ನು ಕೇಳಲು ಒಬ್ಬ ಕಾದು ಕೂರುತ್ತಿದ್ದ!

"ಇಲ್ಲಿ ಸ್ಯಾಟಲೈಟ್ ರೇಡಿಯೋ ಬೆಟ್ಟದ ಮೇಲೂ ಚೊಕ್ಕವಾಗಿ ಕೇಳುತ್ತೆ," ಅವನ ದನಿ ಸಣ್ಣದಾಯಿತು. "ಆದ್ರೆ ಮೊದಲು ನಗೋರು ಯಾರೂ ಇಲ್ಲ. ಎಲ್ಲಿ ನಗಬೇಕು ಅಂತಾನೇ ಗೊತ್ತಾಗಲ್ಲ."

"ವಾಪಸ್ ಬನ್ನಿ," ಎಂದಳು.

ಅವನು ಬರಬೇಕಾಗಿದ್ದ ದಿನ ಹರಟೆ ಶುರುವಾದರೂ ಪಕ್ಕದ ಮನೆಯ ಬಾಗಿಲು ಸದ್ದು ಮಾಡಲಿಲ್ಲ. ಅವಳು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿದಳು. ಅಷ್ಟರಲ್ಲಿ ಯಜಮಾನರು ಪುನಃ ಟವೆಲ್ ಸುದ್ದಿ ಎತ್ತಿದರು. ತಡೆಯಲಾರದೆ ಅವಳು ಗೋಡೆ ಅದುರುವಂತೆ ನಕ್ಕಳು.

ಕಾದಳು...

ಗೋಡೆಯಾಚೆ ಸದ್ದಿಲ್ಲ. 'ಬರಲಿಲ್ಲ... ಆ ಕಡೆಗೇ ಉತ್ತರ ಕೊಟ್ಟುಬಿಟ್ಟ...' ಕಣ್ಣೀರು ಇನ್ನೇನು ಜಾರಬೇಕು, ಆಗ ಆ ನಗು ಕೇಳಿಸಿತು. ಗೋಡೆಯಾಚೆಯಿಂದಲ್ಲ. ಅವಳದೇ ಬಾಗಿಲಿನಿಂದ!

ಮೈಯೆಲ್ಲ ಧೂಳು ಮಾಡಿಕೊಂಡು, ಮೊಬೈಲ್ ಹಿಡಿದು, ಅವನು ಹೊಸ್ತಿಲಲ್ಲಿ ನಿಂತಿದ್ದ.

"ದೂರದ ಮಾರ್ಗ ಬೇಡ ಅಂದುಬಿಟ್ಟೆ," ಎಂದ. "ನನಗೆ ನೀವು ಬೇಕು. ದಿನಾ. ಒಪ್ಪಿಗೇನಾ?"

ಅವಳು ಕಣ್ಣೊರೆಸಿಕೊಂಡಳು. "ಒಪ್ಪಿದ್ರೆ ಒಂದೇ ಮನೆ, ಒಂದೇ ರೇಡಿಯೋ. ನಾನು ಮೊದಲು ನಗೋದು ಆಗ ಹೇಗೆ ಗೊತ್ತಾಗುತ್ತೆ?"

"ನಗು ಬರೋಕೆ ಮುಂಚೆ ನಿಮ್ಮ ತುಟಿಯ ಎಡ ಅಂಚು ಚೂರು ಅಲುಗುತ್ತೆ. ಕತ್ತರಿ ಹಿಡ್ಕೊಂಡು ಬಂದಿದ್ರಲ್ಲ, ಅವತ್ತೇ ನೋಡಿದೀನಿ."

ಅವಳ ತುಟಿಯ ಎಡ ಅಂಚು ಅಲುಗಿತು. ನಗು ಉಕ್ಕಿ ಬಂತು. ಒಂದಕ್ಷರವೂ ಕೇಳಿಸದಿದ್ದರೂ ಮೂಲೆಯಲ್ಲಿ ಅಜ್ಜಿ ಜೋರಾಗಿ ನಕ್ಕರು. ಅವನು ಮಾತ್ರ ಕಣ್ಣು ಕೀಳದೆ ನಿಂತಿದ್ದ.

"ನೀವ್ಯಾಕೆ ನಗ್ತಿಲ್ಲ?"

"ಸ್ವಲ್ಪ ತಾಳು," ಎಂದ ಅವನು, ಮೊದಲ ಸಲ ಏಕವಚನದಲ್ಲಿ. "ನನಗಿನ್ನೂ ಅರ್ಧ ನಿಮಿಷ ಇದೆ."