ಏಳಲೊಲ್ಲದ ದೋಣಿ

ಒಂದು ನೀರಿತ್ತಂತೆ. ನೀರಿನಾಚೆ ಒಂದು ದ್ವೀಪ, ಈಚೆ ಒಂದು ಆಸ್ಪತ್ರೆ, ನಡುವೆ ರೋಗಿಗಳನ್ನು ಹೊತ್ತು ಓಡಾಡಲು ಒಂದು ಬಿಳಿ ದೋಣಿ. ಹೊಟ್ಟೆಯಲ್ಲಿ ಡೀಸೆಲ್ ಎಂಜಿನ್ ಇಟ್ಟುಕೊಂಡಿದ್ದರೂ ಆ ದೋಣಿಗೆ ಹಕ್ಕಿಯ ಗುಣ. ವೇಗ ಹಿಡಿದೊಡನೆ ಮೈಯನ್ನು ಮೇಲಕ್ಕೆತ್ತಿ, ತಳ ಮಾತ್ರ ಸೋಕುವ ಹಾಗೆ ನೀರಿನ ಮೇಲೆ ಜಾರಿಕೊಂಡು ಹೋಗುತ್ತಿತ್ತು. ಬರಬರುತ್ತಾ, ಯಾರ ಶಾಪವೋ ಏನೋ, ಅದು ಏಳುವುದನ್ನೇ ಮರೆತುಬಿಟ್ಟಿತು. ಮೂತಿಯನ್ನು ಆಕಾಶಕ್ಕೆತ್ತಿ, ಹಿಂಭಾಗವನ್ನು ನೀರಲ್ಲಿ ಹೂತು, ಕರಿ ಹೊಗೆ ಕಾರುತ್ತಾ ತೆವಳತೊಡಗಿತು.

ಅಜ್ಜಿಯ ಕಥೆಯಾಗಿದ್ದರೆ ಇಲ್ಲಿ ಒಬ್ಬ ರಾಜಕುಮಾರ ಬರಬೇಕಿತ್ತು. ಬಂದವಳು ಮೆಕ್ಯಾನಿಕ್. ಕೈಯಲ್ಲಿ ಅಪ್ಪನ ಸ್ಪ್ಯಾನರ್, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸು.

ಅವನು ದೋಣಿ ಕಟ್ಟುವ ಜೆಟ್ಟಿಯ ಮೇಲೆ ಹಗ್ಗ ಸುತ್ತುತ್ತಾ ನಿಂತಿದ್ದ. ದೋಣಿಯ ಚಾಲಕ. ಅವಳ ಅಪ್ಪ ಇದ್ದಾಗ ದಿನವೂ ಸಂಜೆ ಅವರ ರಿಪೇರಿ ಶೆಡ್ಡಿಗೆ ಬಂದು, ಕೆಟ್ಟಿಲ್ಲದ ಪಂಪನ್ನೂ ಕೆಟ್ಟಿದೆ ಎಂದು ತೋರಿಸಿ, ಅವಳ ಕೈಯ ಚಹಾ ಕುಡಿದು ಹೋಗುತ್ತಿದ್ದವನು. ಅಪ್ಪ ಹೋದ ಮೇಲೆ ಒಂದು ಸಲವೂ ಅತ್ತ ಸುಳಿದಿರಲಿಲ್ಲ.

"ಏನು ಚಾಲಕರೇ, ನಮ್ಮ ಶೆಡ್ಡಿನ ದಾರಿ ಮರೆತುಹೋಯ್ತಾ?"

"ದೋಣಿ ನೋಡು. ನನ್ನನ್ನಲ್ಲ."

"ಎರಡನ್ನೂ ನೋಡ್ತೀನಿ. ಎರಡೂ ಕೆಟ್ಟಿರೋ ಹಾಗಿದೆ."

ಮೊದಲಾಗಿದ್ದರೆ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಈಗ ಅಲ್ಲಿ ಬರೀ ಬೆಳೆದ ಗಡ್ಡ.

ಹಿಂದಿನ ವಾರ ದ್ವೀಪದ ಒಬ್ಬ ಬಾಣಂತಿ ನಡುನೀರಿನಲ್ಲೇ ತೀರಿಕೊಂಡಿದ್ದಳು. ಚಿಕ್ಕ ಹುಡುಗಿ. ಸ್ವಲ್ಪ ಬೇಗ ಮುಟ್ಟಿಸಿದ್ದರೆ ರಕ್ತ ನಿಲ್ಲಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ದೋಣಿ ಏಳದಿದ್ದರೆ ಸೇವೆಯನ್ನೇ ನಿಲ್ಲಿಸುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದ್ದರು.

"ಆಮೇಲೆ ರೋಗಿಗಳು ಈಜ್ಕೊಂಡು ಬರ್ಬೇಕು," ಎಂದಳು ದೋಣಿಯಿಂದ ಸ್ಟ್ರೆಚರ್ ಇಳಿಸುತ್ತಿದ್ದ ನರ್ಸಕ್ಕ. "ಏನಾದ್ರೂ ಮಾಡು ತಾಯಿ."

"ಎಬ್ಬಿಸಿಕೊಡ್ತೀನಿ. ಮಾತು ಕೊಟ್ಟೆ."

"ಆಗದಿದ್ರೆ?" ಎಂದ ಅವನು, ಹಗ್ಗದಿಂದ ಕಣ್ಣು ಕೀಳದೆ.

"ಆಗದಿದ್ರೆ ನಿನ್ನ ಮುಖ ನೋಡಲ್ಲ. ಸಾಕಾ?"

"ಈಗೇನು ನೋಡ್ತಿದ್ಯಾ?"

"ತಪ್ಪಿಸ್ಕೊಂಡು ಓಡಾಡಿದ್ದು ಯಾರು, ನಾನಾ?"

ಅವನು ಹಗ್ಗದ ಸುರುಳಿ ಕೆಳಗಿಟ್ಟ.

ಅವಳು ಗಾಳಿಯ ಫಿಲ್ಟರ್ ಬಿಚ್ಚಿದಳು, ಚೊಕ್ಕಟವಾಗಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದಳು. ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊ ಪೈಪಿನುದ್ದಕ್ಕೂ ಸೋಪಿನ ನೀರು ಬಳಿದು ಸೋರಿಕೆಯ ಗುಳ್ಳೆ ಹುಡುಕಿದಳು, ಒಂದೂ ಏಳಲಿಲ್ಲ. ರಾಟೆ ಹಚ್ಚಿ ದೋಣಿಯನ್ನು ದಡಕ್ಕೆಳೆದು, ತಳಕ್ಕೆ ಕಚ್ಚಿಕೊಂಡ ಚಿಪ್ಪುಗಳನ್ನೆಲ್ಲ ಇಬ್ಬರೂ ಕೂತು ಕೆರೆದರು. ಪ್ರೊಪೆಲ್ಲರಿನ ಎಲೆಗಳನ್ನು ಬೆರಳಿನಿಂದ ಸವರಿದಳು, ಒಂದು ಮುಕ್ಕೂ ಇರಲಿಲ್ಲ. ಕೆರೆಯುವಾಗ ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಬಿಸಿ ತಾಗಿದವನಂತೆ ಸರಿದುಕೊಂಡ.

ನೀರಿಗಿಳಿಸಿ ಓಡಿಸಿದರೆ ಮತ್ತದೇ ರಾಗ. ಎಂಜಿನ್ ಬೊಬ್ಬೆ ಹೊಡೆಯಿತು, ಮೂತಿ ಮೇಲೆದ್ದಿತು, ಹಿಂದೆ ಕಪ್ಪು ಹೊಗೆ ಕಂಬದಂತೆ ನಿಂತಿತು.

ಆ ಹೊಗೆಯಲ್ಲಿ ಅವಳಿಗೆ ಅಪ್ಪನ ದನಿ ಕೇಳಿಸಿತು. 'ಕರಿ ಹೊಗೆ ಬಂದ್ರೆ ಎಂಜಿನ್ನನ್ನ ಬೈಬೇಡ ಮಗಳೇ. ಅದರ ಮೇಲೆ ಏನು ಹೇರಿದಾರೆ ಕೇಳು.'

ಜೆಟ್ಟಿಗೆ ಮರಳಿದ ಮೇಲೆ ಅವಳು ದೂರ ಹೋಗಿ ನಿಂತು ನೋಡಿದಳು. ಒಬ್ಬರೂ ಇಲ್ಲದ ದೋಣಿ. ಆದರೂ ಭಾರದ ಮಿತಿ ತೋರಿಸುವ ಹಿಂಬದಿಯ ಕೆಂಪು ಗೆರೆ ನೀರೊಳಗೆ ಮುಳುಗಿತ್ತು.

"ಹಿಂಬದಿ ಗೂಡಿನ ಮುಚ್ಚಳ ತೆಗಿ."

"ಅಲ್ಲೇನಿಲ್ಲ."

"ತೆಗಿ ಅಂದೆ."

ಅವನು ಕದಲಲಿಲ್ಲ. ಅವಳೇ ತೆಗೆದಳು.

ಒಳಗೆ ಆಕ್ಸಿಜನ್ ಸಿಲಿಂಡರುಗಳು. ಮಕ್ಕಳನ್ನು ಮಲಗಿಸಿದ ಹಾಗೆ ಒಂದರ ಪಕ್ಕ ಒಂದು, ಕಂಬಳಿ ಸುತ್ತಿ. ಅವುಗಳ ಹಿಂದೆ ಹೆಚ್ಚಿನ ಬ್ಯಾಟರಿಗಳು, ತುಂಬಿದ ಡೀಸೆಲ್ ಕ್ಯಾನುಗಳು, ಇನ್ನೊಂದು ಸ್ಟ್ರೆಚರ್, ನೀರಿನ ಡ್ರಮ್ಮು.

"ಯಾವಾಗಿಂದ ಇದೆಲ್ಲ?"

"ನಿಮ್ಮಪ್ಪ ಹೋದಾಗಿಂದ."

ಅಪ್ಪ ದ್ವೀಪದಲ್ಲಿ ಪಂಪು ರಿಪೇರಿಗೆ ಹೋದವರು, ಉಸಿರು ಕಟ್ಟಿ, ಇದೇ ದೋಣಿಯಲ್ಲಿ ಮರಳುವಾಗ ತೀರಿಕೊಂಡಿದ್ದರು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

"ಅವತ್ತು ದೋಣಿ ಹಾರ್ತಿತ್ತು," ಎಂದ ಅವನು. "ಸಿಲಿಂಡರ್ ಖಾಲಿ ಆಯ್ತು. ಇದ್ದದ್ದು ಅದೊಂದೇ. ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು ಗಾಳಿ ಕೇಳಿದ್ರು. ಈ ಜೆಟ್ಟಿ ಕಾಣಿಸ್ತಿತ್ತು. ನಾನೆಲ್ಲಿಂದ ತರ್ಲಿ? ಇನ್ಯಾರಿಗೂ ಯಾವುದೂ ಕಮ್ಮಿ ಬೀಳಬಾರ್ದು ಅಂತ ಒಂದೊಂದೇ ತಂದಿಟ್ಟೆ. ನಿನ್ನ ಮುಖ ನೋಡೋ ಧೈರ್ಯ ಬರಲಿಲ್ಲ."

ದಿನಕ್ಕಿಷ್ಟು ಭಾರ ಕೂಡಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಎಂಜಿನ್‌ಗೆ ವಯಸ್ಸಾಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು, ಅವನೂ ಕೂಡ. ಒಂದೇ ನೋಟಕ್ಕೆ ಕಂಡುಹಿಡಿಯಬಲ್ಲವರು ಮಣ್ಣಾಗಿದ್ದರು.

ಸುಳ್ಳು ಹೇಳಬಹುದಿತ್ತು. ಟರ್ಬೊ ಪೈಪು ಒಡೆದಿತ್ತು ಎಂದರೆ ಅವನು ನಂಬುತ್ತಿದ್ದ, ನಿದ್ದೆ ಮಾಡುತ್ತಿದ್ದ. ಮತ್ತೆ ಒಂದೊಂದೇ ತಂದು ತುಂಬುತ್ತಿದ್ದ. ಮತ್ತೊಬ್ಬಳು ನಡುನೀರಿನಲ್ಲಿ ತೀರಿಹೋಗುತ್ತಿದ್ದಳು.

"ಎಂಜಿನ್ ಚೆನ್ನಾಗಿದೆ. ದೋಣಿಯನ್ನ ಹಿಡಿದು ಕೂರಿಸಿರೋದು ಈ ಭಾರ," ಎಂದಳು.

ಅವನು ಗೂಡಿನೊಳಗೆ ನೋಡಿದ. ಲೆಕ್ಕ ಅವನಿಗೆ ತಾನಾಗಿಯೇ ಹೊಳೆಯಿತು.

"ಹಾಗಾದ್ರೆ ಆ ಹುಡುಗಿ..."

"ಹೌದು."

ಅವನು ಜೆಟ್ಟಿಯ ಹಲಗೆಯ ಮೇಲೆ ಕುಸಿದು ಕೂತ. ಅವಳೂ ಪಕ್ಕದಲ್ಲಿ ಕೂತಳು.

"ನಿನ್ನ ತಪ್ಪಲ್ಲ ಅಂದ್ರೆ ನೀನು ನಂಬಲ್ಲ," ಎಂದಳು. "ಅದಕ್ಕೇ ಹೇಳಲ್ಲ."

"ಮತ್ತೇನು ಹೇಳ್ತೀಯ?"

"ಎದ್ದು ಆ ಕಡೆ ಹಿಡಿ ಅಂತೀನಿ. ಒಬ್ಬಳ ಕೈಲಿ ಇದು ಇಳಿಯಲ್ಲ."

ಅವನು ಎದ್ದ. ಅವಳು ಸಿಲಿಂಡರಿನ ತಲೆಯ ಕಡೆ, ಅವನು ಬುಡದ ಕಡೆ. ಒಂದೊಂದು ಇಳಿದ ಹಾಗೆಲ್ಲ ಕೆಂಪು ಗೆರೆ ಕೂದಲೆಳೆಯಷ್ಟು ಮೇಲೆ ಬಂತು. ಕೊನೆಯ ಸಿಲಿಂಡರನ್ನು ಅವನು ಅಪ್ಪಿಕೊಂಡು ನಿಂತುಬಿಟ್ಟ.

"ಹೆಚ್ಚಿಗೆ ಇದೊಂದು ಇರ್ಲಿ."

"ಇರ್ಲಿ. ಹಿಂದೆ ಬೇಡ, ನಡುವೆ ಇಡು. ನನ್ನ ಕಣ್ಣಿಗೆ ಕಾಣ್ಬೇಕು."

"ನಿನ್ನ ಕಣ್ಣಿಗೆ?"

"ಇನ್ಮೇಲೆ ವಾರವಾರ ಬಂದು ನೋಡೋಳು ನಾನೇ ತಾನೇ."

ಅವನು ಸಿಲಿಂಡರನ್ನು ನಡುವೆ ಇಟ್ಟ. "ನಾನು ಬರದೆ ಇದ್ದದ್ದು... ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ."

"ಗೊತ್ತು. ಅದರ ಭಾರಾನ ಈಗ ತಾನೇ ಹೊತ್ತು ಇಳಿಸಿದ್ನಲ್ಲ."

ಅವನು ನಗಲು ಹೋಗಿ ಅತ್ತ. ಅವಳು ಗ್ರೀಸಿನ ಕೈಯಿಂದಲೇ ಅವನ ಕೆನ್ನೆ ಒರೆಸಿದಳು. ಗುಳಿ ಬೀಳುತ್ತಿದ್ದ ಜಾಗದಲ್ಲಿ ಒಂದು ಕಪ್ಪು ಗೆರೆ ಉಳಿಯಿತು.

"ದೋಣಿ ಎದ್ದರೆ ಮೊದಲು ದ್ವೀಪಕ್ಕೆ ಹೋಗ್ತೀನಿ," ಎಂದ. "ಆ ಹುಡುಗಿಯ ಅಮ್ಮನಿಗೆ ನಾನೇ ಹೇಳ್ಬೇಕು."

"ನಾನೂ ಬರ್ತೀನಿ."

"ಮುಖದ ಮೇಲೆ ಬಾಗಿಲು ಹಾಕ್ತಾರೆ."

"ಹಾಕ್ಲಿ. ಹೊರಗೆ ಇಬ್ಬರೂ ನಿಂತ್ಕೊಳ್ಳೋಣ."

ಹಗ್ಗ ಬಿಚ್ಚಿದರು. ಅವಳು ಅವನ ಪಕ್ಕದಲ್ಲೇ ನಿಂತಳು. ಅವನು ವೇಗ ಹೆಚ್ಚಿಸುವ ಥ್ರಾಟಲ್ ಮೇಲೆ ಕೈಯಿಟ್ಟು ತಳ್ಳಲಾರದೆ ನಿಂತಾಗ, ಅವಳು ಅವನ ಕೈಮೇಲೆ ತನ್ನ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ಒತ್ತಿದಳು. ಎಂಜಿನ್ ಕೂಗಿತು. ಮೂತಿ ಎದ್ದಿತು, ಎದ್ದು ಹಾಗೆಯೇ ನಿಂತಿತು, ಎದುರಿಗೆ ಬರೀ ಆಕಾಶ. ಅವಳು ಕೈ ತೆಗೆಯಲಿಲ್ಲ.

ಆಮೇಲೆ ಹಿಂಭಾಗ ನೀರಿನಿಂದ ಮೇಲಕ್ಕೆ ಬಂದು, ಮೂತಿ ನಿಧಾನವಾಗಿ ಕೆಳಗಿಳಿಯಿತು. ಹಿಂದಿನ ಹೊಗೆ ತೆಳುವಾಯಿತು, ಕಾಲಡಿಯ ನಡುಕ ನಿಂತಿತು, ಆಕಾಶ ಸರಿದು ದ್ವೀಪ ಕಾಣಿಸಿತು. ದೋಣಿ ಎದ್ದಿತ್ತು.