ಹೊಸ ಹೊಕ್ಕುಳಿನ ಮಣಿ

"ಆಂಟಿ, ನನ್ನ ಕೆಲಸ ಹೋಯ್ತು. ಹೋದ್ರೆ ಹೋಗ್ಲಿ, ಬೀದೀಲಿ ನಿಲ್ಲಿಸಿ ಕೊಳಕು ಕೈಯವಳು ಅಂತ ಕೂಗಾಡಿದ್ರು. ಇನ್ನು ಈ ಜನ್ನಾಪುರದಲ್ಲಿ ನನ್ನ ಕೈಯಲ್ಲಿ ಒಂದು ಇಂಜೆಕ್ಷನ್ ಆದ್ರೂ ಯಾರು ಹಾಕಿಸ್ಕೋತಾರೆ?"

ನರ್ಸ್ ಕವನ ಹೀಗೆಂದು ಸುಭದ್ರಮ್ಮನ ಜಗುಲಿಯ ಮೇಲೆ ಕುಸಿದು ಕೂತಾಗ ಪಕ್ಕದ ಮನೆಯ ಪರಮೇಶ್ ಅಲ್ಲೇ ಪೇಪರ್ ಓದುತ್ತಿದ್ದ. ಸುಭದ್ರಮ್ಮ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಭದ್ರಾವತಿಯ ಈ ಬಡಾವಣೆಯಲ್ಲಿ ಸರ ಕಳೆದರೂ ಸರಿ, ಕೋಳಿ ಕಳೆದರೂ ಸರಿ, ಜನ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದಿದ್ದ ಪರಮೇಶನಿಗೆ ಅವರ ಬೆನ್ನು ಹತ್ತಿ ತಿರುಗುವುದೇ ಈಗ ಉದ್ಯೋಗ.

"ಅಳೋದು ಆಮೇಲೆ. ಮೊದಲಿಂದ ಹೇಳು" ಎಂದರು ಸುಭದ್ರಮ್ಮ.

ಸಂಗತಿ ಇಷ್ಟು. ಇದೇ ಜನ್ನಾಪುರದ ಅಡಿಕೆ ವ್ಯಾಪಾರಿ ಉಜ್ಜನಪ್ಪನ ಮಗಳು ಸೌಂದರ್ಯಳಿಗೆ ಹುಟ್ಟಿನಿಂದ ಹೊಕ್ಕುಳು ಹೊರಗೆ ಉಬ್ಬಿಕೊಂಡಿತ್ತು. ಹಾಸ್ಟೆಲಿನಲ್ಲಿ ಗೆಳತಿಯರು ಆಡಿಕೊಂಡದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅದು ೨೦೦೩ನೇ ಇಸವಿ. ಆರತಕ್ಷತೆಗೆ ಹೊಟ್ಟೆ ಕಾಣುವ ಲೆಹೆಂಗಾ ಉಡುವ ಗೀಳು ಆಗಷ್ಟೇ ಊರಿಗೆ ಕಾಲಿಟ್ಟಿತ್ತು. ಮದುವೆ ಗೊತ್ತಾದದ್ದೇ ತಡ, ಹುಡುಗಿ ಹಟ ಹಿಡಿದು ಶಿವಮೊಗ್ಗದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಶಿವಪ್ರಸಾದರಿಂದ ಆಪರೇಷನ್ ಮಾಡಿಸಿಕೊಂಡಳು. ಅವರು ಹೊಕ್ಕುಳನ್ನು ಒಳಕ್ಕೆ ಸೇರಿಸಿ ಹೊಲಿದು, ಹೊಸ ಕುಳಿ ಮುಚ್ಚಿಹೋಗದಂತೆ ಅದರಲ್ಲಿ ಸಿಲಿಕೋನಿನ ಪುಟ್ಟ ಮಣಿಯೊಂದನ್ನು ಕೂರಿಸಿ, ಮೇಲೆ ಪಟ್ಟಿ ಅಂಟಿಸಿದರು. ಅದೇ ನರ್ಸಿಂಗ್ ಹೋಮಿನ ಕವನಳ ಮನೆ ಜನ್ನಾಪುರದಲ್ಲೇ ಇದ್ದುದರಿಂದ ಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವ ಕೆಲಸ ಅವಳ ಪಾಲಿಗೆ ಬಂತು.

ನಿನ್ನೆ ಬೆಳಿಗ್ಗೆ ಅವಳು ಪಟ್ಟಿ ಬದಲಾಯಿಸಿ ಬಂದಿದ್ದಳು. ಸಂಜೆಗೆ ಪಟ್ಟಿ ಜೋತುಬಿದ್ದಿತ್ತು, ಮಣಿ ಮಾಯ, ಹೊಲಿಗೆ ಹರಿದು ರಕ್ತ. ಉಜ್ಜನಪ್ಪ ಅವಳನ್ನು ಬೀದಿಯಲ್ಲಿ ನಿಲ್ಲಿಸಿ ಕೂಗಾಡಿದ, ಡಾಕ್ಟರು ಕೆಲಸದಿಂದ ತೆಗೆದರು.

"ಮಣಿ ಇಟ್ಟಿದ್ದು ನಿಜ ತಾನೇ?"

"ದೇವರಾಣೆ ಇಟ್ಟಿದೀನಿ ಆಂಟಿ."

ಸುಭದ್ರಮ್ಮ ಚಪ್ಪಲಿ ಮೆಟ್ಟಿದರು. ಪರಮೇಶ್ ಪೇಪರ್ ಮಡಚಿಕೊಂಡೇ ಹಿಂದೆ ನಡೆದ.

ಉಜ್ಜನಪ್ಪನ ಮನೆಯಲ್ಲಿ ಹೆಂಡತಿ ಬಸವರಾಜೇಶ್ವರಿ ದನಿ ತಗ್ಗಿಸಿ ಮಾತಾಡಿದರು. "ಗಂಡಿನ ಕಡೆಯವರಿಗೆ ಗೊತ್ತಾಗಬಾರದು ನೋಡಿ. ನಮ್ಮತ್ತೆಗೂ ಹೇಳಿಲ್ಲ. ಉಷ್ಣಕ್ಕೆ ಹೊಟ್ಟೆನೋವು, ಡಾಕ್ಟ್ರು ಔಷಧಿ ಪಟ್ಟಿ ಹಾಕಿದಾರೆ ಅಂದಿದೀವಿ."

"ನಿನ್ನೆ ಮಧ್ಯಾಹ್ನ ಮನೇಲಿ ಯಾರಿದ್ರು?"

"ನಾವಿಬ್ರೂ ಲಗ್ನಪತ್ರಿಕೆ ಹಂಚೋಕೆ ಹೋಗಿದ್ವಿ. ಅತ್ತೆ ಇದ್ರು, ಮಗ ರುದ್ರೇಶ್ ಇದ್ದ."

ರುದ್ರೇಶ್ ತಾನಾಗಿಯೇ ಹರಿಹಾಯ್ದ. "ಹೌದು, ನಂಗೆ ಈ ಆಪರೇಷನ್ ಇಷ್ಟ ಇರ್ಲಿಲ್ಲ. ಹೊಕ್ಕುಳಿಗೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ? ಆದ್ರೆ ನಾನು ಟಿವಿ ಬಿಟ್ಟು ಎದ್ದಿಲ್ಲ."

ಇವನೇ, ಸಂಶಯವೇ ಇಲ್ಲ ಎಂದು ಪರಮೇಶ್ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟ.

ಸೌಂದರ್ಯ ಮಲಗಿದ್ದಲ್ಲಿಂದಲೇ ಹೇಳಿದಳು. "ನೋವಿನ ಮಾತ್ರೆ ತಗೊಂಡು ಮಲಗಿದ್ದೆ. ಎಚ್ಚರ ಆದಾಗ ಮೈಮೇಲೆ ದುಪ್ಪಟಿ ಹೊದಿಸಿತ್ತು. ಹೊಟ್ಟೆ ಚುರುಚುರು ಅಂತಿತ್ತು."

ಸುಭದ್ರಮ್ಮ ಕಸದ ಬುಟ್ಟಿಯಿಂದ ನಿನ್ನೆ ಸಂಜೆ ಜೋತುಬಿದ್ದಿದ್ದ ಪಟ್ಟಿಯನ್ನು ಹೆಕ್ಕಿ, ಪರಮೇಶನ ಪೇಪರಿನ ಮೇಲೆ ಒತ್ತಿ, ಬೆಳಕಿಗೆ ಹಿಡಿದರು. ಒತ್ತಿದ ಕಡೆ ಆಚೆ ಬದಿಯ ಅಕ್ಷರವೂ ಕಾಣುತ್ತಿತ್ತು. ಆ ಪೇಪರನ್ನು ಮಡಚಿ ಚೀಲಕ್ಕೆ ಸೇರಿಸಿದರು.

ಹೊರಗೆ ಅಜ್ಜಿ ಪುಷ್ಪಮ್ಮ ಬೆಂಚಿನ ಮೇಲೆ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ. ಬಿಸಿ ಕಾಫಿ ಗುಟುಕರಿಸಿದ ಪರಮೇಶ್ "ಅಯ್ಯಪ್ಪಾ, ಬಾಯಿಹುಣ್ಣು" ಎಂದು ಮುಖ ಹಿಂಡಿದ್ದು ಅವರ ಕಿವಿಗೆ ಬಿತ್ತು.

"ಉಷ್ಣ ಮಾರಾಯ, ಉಷ್ಣ! ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಮಲಗು. ಈಗಿನವರು ಸುಮ್ಮನೆ ಮಾತ್ರೆ ನುಂಗ್ತಾರೆ."

ಸುಭದ್ರಮ್ಮ ನಕ್ಕು, ಮರುದಿನ ಎಲ್ಲರೂ ಇಲ್ಲೇ ಸೇರಬೇಕೆಂದು ಹೇಳಿ ಹೊರಟರು.

ಮರುದಿನ ಬೆಳಿಗ್ಗೆ ಮನೆಯ ಹಾಲಿನಲ್ಲಿ ಡಾಕ್ಟರೂ ಇದ್ದರು. ಕವನ ಬಾಗಿಲ ಬಳಿ ಹೊರಗಿನವಳಂತೆ ನಿಂತಿದ್ದಳು.

"ಡಾಕ್ಟ್ರೇ, ಮಣಿ ಇಡೋದು ಮರೆತಿದ್ರೆ ಕುಳಿ ಮುಚ್ಚಿಕೊಳ್ಳುತ್ತೆ. ಒಂದೇ ದಿನಕ್ಕೆ ಹೊಲಿಗೆ ಹರಿಯುತ್ತಾ?" ಎಂದು ಸುಭದ್ರಮ್ಮ ಶುರುಮಾಡಿದರು.

"ಇಲ್ಲ. ಅದಕ್ಕೆ ಒತ್ತಡ ಬೀಳಬೇಕು."

"ಅಂದ್ರೆ ಯಾರೋ ಬೆರಳಲ್ಲಿ ಒತ್ತಿದಾರೆ. ಹಗೆಯಿಂದಲಾ? ಹಗೆ ಇರೋರು ಪಟ್ಟಿನ ಮತ್ತೆ ಮುಚ್ಚಿ, ಚಳಿ ಆಗದ ಹಾಗೆ ದುಪ್ಪಟಿ ಹೊದಿಸಿ ಹೋಗ್ತಾರಾ? ಹಾಗಾಗಿ ರುದ್ರೇಶ್ ಅಲ್ಲ." ಪರಮೇಶ್ ಮೆಲ್ಲಗೆ ಕೆಮ್ಮಿದ. "ಮುಚ್ಚಿದ ಪಟ್ಟಿ ಯಾಕೆ ಅಂಟಲಿಲ್ಲ? ಅದನ್ನ ಒತ್ತಿದ ಪೇಪರ್ ಇಲ್ಲಿದೆ, ನೋಡಿ. ಇದು ಎಣ್ಣೆ. ನರ್ಸು ಗಾಯಕ್ಕೆ ಎಣ್ಣೆ ಬಿಡಲ್ಲ. ಆದ್ರೆ ಮೊಮ್ಮಗಳಿಗೆ ಉಷ್ಣಕ್ಕೆ ಹೊಟ್ಟೆನೋವು ಅಂತ ಕೇಳಿದ ಅಜ್ಜಿ ಏನು ಮಾಡ್ತಾರೆ? ನಮ್ಮಜ್ಜಿ ನಂಗೆ ಮಾಡಿದ್ದೂ ಅದೇ. ಹೊಕ್ಕುಳಿಗೆ ಹರಳೆಣ್ಣೆ ಬಿಟ್ಟು ನೀವೋದು."

ಎಲ್ಲರೂ ಪುಷ್ಪಮ್ಮನ ಕಡೆ ತಿರುಗಿದರು.

"ನಾನೇ ಕಣಮ್ಮ" ಎಂದರು ಅಜ್ಜಿ. "ಔಷಧಿ ಪಟ್ಟಿ ಅಂದಿದ್ರಲ್ಲ, ಎತ್ತಿದೆ. ಒಳಗೆ ಏನೋ ಮಣಿ ಸಿಕ್ಕೊಂಡಿತ್ತು, ಬಟ್ಟೇಂದ ಉದುರಿದ್ದು ಅಂತ ತೆಗೆದು ಎಸೆದೆ. ಅಲ್ಲಿ ಹೊಲಿಗೆ ಇದೆ ಅಂತ ನಂಗೆ ಒಂದು ಮಾತು ಹೇಳಿದ್ರಾ ನೀವು? ಅಯ್ಯೋ, ನನ್ನ ಕೈಯಾರೆ ಕೂಸಿನ ಹೊಟ್ಟೆ ಹರಿದೆನಾ?"

"ಇಲ್ಲಜ್ಜಿ, ಮತ್ತೆ ಹೊಲೀಬಹುದು" ಎಂದರು ಡಾಕ್ಟರ್. ಆಮೇಲೆ ಕವನಳ ಮುಖ ನೋಡದೆ, "ನಾಳೆಯಿಂದ ಡ್ಯೂಟಿಗೆ ಬಾಮ್ಮ" ಎಂದರು.

"ಆಯ್ತಲ್ಲ, ಎಲ್ಲ ಬಗೆಹರೀತು. ಬಿಟ್ಬಿಡು" ಎಂದು ಉಜ್ಜನಪ್ಪ ಎದ್ದ.

ಕವನ ಕದಲಲಿಲ್ಲ. "ನೀವು ಕೂಗಿದ್ದು ಬೀದೀಲಿ, ಸಾರ್. ಬಿಡು ಅಂತಿರೋದು ಮನೆಯೊಳಗೆ."

ಉಜ್ಜನಪ್ಪ ನೆಲ ನೋಡಿದ. ಬೀದಿಯಲ್ಲಿ ಹೇಳಿದರೆ ಆಪರೇಷನ್ ವಿಷಯ ಸಂಜೆಯೊಳಗೆ ಬೀಗರ ಮನೆ ಮುಟ್ಟುತ್ತಿತ್ತು. ಪರಮೇಶನಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅನಿಸಿತು ಕೂಡ.

ಅಷ್ಟರಲ್ಲಿ ಪುಷ್ಪಮ್ಮ ಗೋಡೆ ಹಿಡಿದುಕೊಂಡು ಬಾಗಿಲು ದಾಟಿದ್ದರು. ಯಾರು ಕರೆದರೂ ನಿಲ್ಲಲಿಲ್ಲ. ಗೇಟಿನ ಹತ್ತಿರ ಹೋಗಿ, ಕಾಣದ ಕಣ್ಣಲ್ಲೇ ಬೀದಿಯ ಕಡೆ ಮುಖಮಾಡಿ ಕೂಗಿದರು. "ಕೇಳ್ರಪ್ಪಾ! ಈ ನರ್ಸಮ್ಮಂದು ಏನೂ ತಪ್ಪಿಲ್ಲ. ಮೊಮ್ಮಗಳು ಹೊಕ್ಕುಳು ಆಪರೇಷನ್ ಮಾಡಿಸ್ಕೊಂಡಿದ್ಲು. ಅದಕ್ಕೆ ಎಣ್ಣೆ ಹಾಕಿ ಕೆಡಿಸಿದವಳು ನಾನು!"

ನೀರಿನ ಕೊಡ ಹಿಡಿದವರು ನಿಂತರು. ಎದುರು ಮನೆಯ ಕಿಟಕಿ ತೆರೆಯಿತು.

ಉಜ್ಜನಪ್ಪ ಓಡಿಬಂದು ತಾಯಿಯ ಪಕ್ಕ ನಿಂತ. ಮುಖ ಕೆಂಪೇರಿತ್ತು. "ಕೂಗಾಡಿದವನು ನಾನು, ಅವ್ವ ಅಲ್ಲ" ಎಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ತಪ್ಪಾಯ್ತು ಕವನಮ್ಮ."

ಎರಡು ದಿನ ತಡೆಹಿಡಿದಿದ್ದ ಅಳು ಕವನಳಿಗೆ ಆಗ ಬಂತು. ಅಳುತ್ತಲೇ ಅಜ್ಜಿಯ ತೋಳು ಹಿಡಿದು, "ಇಲ್ಲಿ ಮೆಟ್ಟಿಲಿದೆ ಅಜ್ಜಿ, ನಿಧಾನ" ಎಂದು ಒಳಗೆ ಕರೆದುಕೊಂಡು ಹೋದಳು.