ನಾಲ್ಕನೇ ನಂಬರಿನ ಡೋಸು

ಹೊಸ ಲಸಿಕೆ ಹಾಕಿದ ಆರು ಕೋತಿಗಳ ರಕ್ತ ಪರೀಕ್ಷಿಸುವುದು ನನ್ನ ಕೆಲಸ. ಹೋಲಿಸಲು ಲಸಿಕೆ ಕಾಣದ ರಕ್ತವೊಂದು ಬೇಕಲ್ಲ, ಅದಕ್ಕೆ ನನ್ನದನ್ನೇ ಕೊಡುತ್ತಿದ್ದೆ. ಮೊದಲ ಡೋಸಾದ ವಾರಕ್ಕೆ ನಾಲ್ಕನೇ ನಂಬರಿನ ಕೋತಿ ಸತ್ತಿತು. ಎರಡನೇ ಡೋಸಿನ ನಂತರ ಉಳಿದ ಐದರ ರಕ್ತದಲ್ಲಿ ಪ್ರತಿಕಾಯಗಳು ಏರಿದವು. ನನ್ನ ರಕ್ತದಲ್ಲೂ ಅಷ್ಟೇ ಏರಿದ್ದವು.

"ಲಸಿಕೆ ಕದ್ದು ಚುಚ್ಕೊಂಡ್ಯೇನಯ್ಯ?" ಎಂದರು ಡಾಕ್ಟರು.

"ಕೋತಿ ಲಸಿಕೆ ನಂಗ್ಯಾಕೆ ಸಾರ್? ಸಿರಿಂಜ್ ಮುಟ್ಟೋರು ನೀವೊಬ್ರೇ."

"ಇನ್ನೊಂದ್ಸಲ ಹೀಗಾದ್ರೆ ಕೆಲಸ ಹೋಯ್ತು ಅಂತ ತಿಳ್ಕೊ."

ಅನುಮಾನವೇ ಬೇಡವೆಂದು ಮೂರನೇ ಡೋಸಿನ ದಿನ ರಜೆ ಹಾಕಿ ಮನೆಯಲ್ಲಿ ಕೂತೆ. ಬೆಳಗ್ಗೆ ಹನ್ನೊಂದಕ್ಕೆ, ಕೋತಿಗಳಿಗೆ ಡೋಸು ಹಾಕುವ ಹೊತ್ತಿಗೆ ಸರಿಯಾಗಿ, ಸೂಜಿ ಚುಚ್ಚಿದಂತೆ ಬಲತೊಡೆ ಚುರ್ರೆಂದಿತು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ.

"ಐದಕ್ಕೂ ಹಾಕಾಯ್ತು ಕಣಯ್ಯ," ಎಂದವರು ಸಿರಿಂಜುಗಳನ್ನು ಎಣಿಸಿ ಹೇಳಿದರು, "ಆದ್ರೆ ಇಲ್ಲಿ ಖಾಲಿಯಾದ ಸಿರಿಂಜು ಆರು ಇವೆ."